ಹನುಮವ್ವ ಎಳೆದ ಕೆಂಪು ಗೆರೆ

ಹನುಮವ್ವನ ಕಿವಿಯನ್ನು ಅನುಮಾನಿಸಿ ಗೆದ್ದವರು ನಾಶಿಕ್‌ನಲ್ಲಿ ಒಬ್ಬರೂ ಇಲ್ಲ. ಓಝರ್‌ನ ಒಂದು ಹೊಸ ಬಂಗಲೆಯಲ್ಲಿ ಸೂಪರ್‌ವೈಸರ್ ಒಬ್ಬ ಆ ಸಾಹಸ ಮಾಡಿ ನೋಡಿದ. ನಡುಮನೆಯಲ್ಲಿ ಥಳಥಳ ಹೊಳೆಯುತ್ತಿದ್ದ ಫರ್ಶಿ ಕಲ್ಲೊಂದನ್ನು ಇವಳು ಕೋಲಿನಿಂದ ತಟ್ಟಿ ನೋಡಿ, ಮೇಲೆ ಬಳಪದಿಂದ ಕತ್ತರಿ ಗುರುತಿನ ಕಾಟು ಹಾಕಿ, "ಇದರ ಕೆಳಗ ಪೊಳ್ಳು ಐತಿ, ಎಬ್ಬಸ್ರಿ" ಅಂದಳು. ಅವನು ಮರಾಠಿಯಲ್ಲಿ ಒಂದು ಭಾಷಣವನ್ನೇ ಬಿಗಿದ. ಇವಳು ಕೋಲು ಮಡಿಲಲ್ಲಿಟ್ಟುಕೊಂಡು ಭಾಷಣ ಮುಗಿಯುವವರೆಗೂ ಕಾದು, ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಕೊನೆಗೆ ಮನೆಯ ಮಾಲೀಕನೇ ಮುಂದೆ ನಿಂತು ಕೀಳಿಸಿದ. ಕೆಳಗೆ ಅಂಗೈಯಷ್ಟು ಜಾಗದಲ್ಲಿ ಸಿಮೆಂಟಿನ ಸುಳಿವೇ ಇರಲಿಲ್ಲ. ಖಾಲಿ ಬೀಡಿ ಕಟ್ಟೊಂದು ಆರಾಮಾಗಿ ಮಲಗಿತ್ತು. ಅಂದಿನಿಂದ ಆ ಸೂಪರ್‌ವೈಸರ್ ಅವಳನ್ನು ಕಂಡರೆ ತಾನಾಗಿಯೇ ಚಹಾ ತರಿಸುತ್ತಿದ್ದ.

ಅವಳ ಕೆಲಸವೇ ಅದು. ಗಂಡ ಅಮಸಿದ್ದ ಫರ್ಶಿ ಕೂಡಿಸುವ ಗೌಂಡಿ. ಇಂಡಿ ತಾಲ್ಲೂಕಿನಿಂದ ಅವನ ಹಿಂದೆ ಬಂದವಳು ಮೊದಲೊಂದಿಷ್ಟು ದಿನ ಎಲ್ಲ ಹೆಂಗಸರ ಹಾಗೆ ಬುಟ್ಟಿ ಹೊತ್ತಳು. ಒಮ್ಮೆ ಊಟದ ಹೊತ್ತಿನಲ್ಲಿ ಸುಮ್ಮನೆ ನೆಲ ತಟ್ಟುತ್ತ ಕುಳಿತವಳು, "ಇದೊಂದು ಬ್ಯಾರೆ ದನಿ ಮಾಡತೈತಿ" ಅಂದದ್ದೇ ನೆಪವಾಯಿತು. ಅಮಸಿದ್ದ ಒಂದು ಬಿದಿರು ಕೋಲಿನ ತುದಿಗೆ ಕಬ್ಬಿಣದ ನಟ್ಟು ಸಿಕ್ಕಿಸಿ ಕೊಟ್ಟ. ಇಪ್ಪತ್ತೆರಡು ವರ್ಷದಿಂದ ಅದೇ ಕೋಲು. ಒಂದು ಫರ್ಶಿಗೆ ಐದು ಪೆಟ್ಟು: ನಾಲ್ಕು ಮೂಲೆಗೆ ನಾಲ್ಕು, ನಡುವಿಗೊಂದು. ಕೆಳಗೆ ಸಿಮೆಂಟಿನ ಮಾಲು ತುಂಬಿ ಕೂತಿದ್ದರೆ ದಬ್ಬೆಂದು ಗಟ್ಟಿ ದನಿ. ಗಾಳಿ ಉಳಿದಿದ್ದರೆ ಟಣ್ಣೆಂದು ಪೊಳ್ಳು ದನಿ. ಪೊಳ್ಳು ಬಂದರೆ ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆದು, ಒಳಗೊಂದು ಕಾಟು. ಆ ಕಾಟಿಗೆ ಮೇಲ್ಮನವಿ ಇಲ್ಲ.

ಗಂಡನೆಂದು ಅವಳು ಯಾವತ್ತೂ ಬಿಟ್ಟವಳಲ್ಲ. ನಿಜ ಹೇಳಬೇಕೆಂದರೆ ಅವಳಿಂದ ಹೆಚ್ಚು ಕಾಟು ತಿಂದವನು ಅವನೇ. ಅವಳ ಬಾಯಿಂದ "ಪೊಳ್ಳು" ಎಂಬ ಮಾತು ಬಿದ್ದರೆ ಸಾಕು, ಅಮಸಿದ್ದನ ಮುಖ ಬಾಡುತ್ತಿತ್ತು. ಕಿತ್ತು, ಕೆರೆದು, ಮತ್ತೆ ಮಾಲು ಹಾಕಿ ಕೂಡಿಸಬೇಕು. ಒಂದು ಸಂಜೆ ಹಾಳು. ಆದರೂ ಎದುರಾಡುತ್ತಿರಲಿಲ್ಲ. "ನನ್ನ ಕೈ ಸುಳ್ಳು ಹೇಳತೈತಿ, ಅಕೀ ಕಿವಿ ಹೇಳಂಗಿಲ್ಲ" ಎಂದು ಮಂದಿಯ ಮುಂದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ದಿಂಡೋರಿಯ ದ್ರಾಕ್ಷಿ ವೈನ್ ಕಾರ್ಖಾನೆಯಲ್ಲಿ ಕೆಲಸ ನಡೆದಾಗಲಂತೂ ಅವಳು ನೆಲ ಬಿಟ್ಟು ಅಲ್ಲಿದ್ದ ಮರದ ಪೀಪಾಯಿಗಳನ್ನೂ ತಟ್ಟಿ, ಯಾವುದು ಎಷ್ಟು ತುಂಬಿದೆ ಎಂದು ಗೆರೆ ತೋರಿಸಿದ್ದಳು. ಮ್ಯಾನೇಜರ್ ಅಳತೆ ಕಡ್ಡಿ ಇಳಿಸಿ ನೋಡಿ ಬೆರಗಾಗಿದ್ದ. ಮನುಷ್ಯರಿಗೆ ಒಂದು ವಿದ್ಯೆ ಹೀಗೆ ಪೂರಾ ಕೈಹತ್ತಿಬಿಟ್ಟರೆ ಒಂದು ಅಪಾಯವಿದೆ. ಎಲ್ಲ ಬೀಗಕ್ಕೂ ಅದೇ ಕೀಲಿ ಹಾಕಲು ಹೋಗುತ್ತಾರೆ.

ಕಳೆದ ಮಳೆಗಾಲದಲ್ಲಿ ಆದದ್ದು ಅದೇ. ಛತ್ರಪತಿ ಸಂಭಾಜಿನಗರದಲ್ಲಿ ಒಂದು ದೊಡ್ಡ ಮದುವೆ ಹಾಲ್ ಏಳುತ್ತಿತ್ತು. ಹನ್ನೊಂದು ಸಾವಿರ ಫರ್ಶಿ. ಎಂಜಿನಿಯರ್ ಯಶವಂತ ಸಾಹೇಬರು ಅಮಸಿದ್ದನನ್ನು ಹೆಡ್ ಮಿಸ್ತ್ರಿಯಾಗಿ ಕರೆದರು. ಜೀವಮಾನದಲ್ಲಿ ಮೊದಲ ಸಲ ಅವನ ಕೈಕೆಳಗೆ ಆರು ಜನ ಗೌಂಡಿಗಳು. ಗಂಡ ಹೆಂಡತಿ ಇಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹನ್ನೆರಡನೆಯ ಇಯತ್ತೆ ಓದುವ ಮಗಳು ಮಹಾಲಕ್ಷ್ಮಿಯನ್ನು ನಾಶಿಕ್‌ನಲ್ಲೇ ಅವಳ ಸೋದರತ್ತೆಯ ಮನೆಯಲ್ಲಿ ಬಿಟ್ಟು, ಅಮಸಿದ್ದ ಹೊಸ ಅಂಗಿ ತೊಟ್ಟು, ಇಬ್ಬರೂ ಬಸ್ಸು ಹತ್ತಿದರು.

ಅದಕ್ಕೂ ಹಿಂದಿನ ಎರಡು ವಾರ ಇಗತಪುರಿಯಲ್ಲಿ ಒಂದು ಹೋಟೆಲಿನ ಕೆಲಸವಿತ್ತು. ಅಲ್ಲಿ ಒಂದೇ ತಗಡಿನ ಖೋಲಿಯಲ್ಲಿ ಒಂಬತ್ತು ಜನ. ಹೊರಗೆ ಮಳೆ, ಒಳಗೆ ಎಲ್ಲರಿಗೂ ಕೆಮ್ಮು. ಅಮಸಿದ್ದನ ಕೆಮ್ಮು ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಚಳಿ ಹತ್ತಿ ಹಲ್ಲು ಕಟಕಟ ಅಂದವು. ಸಂಭಾಜಿನಗರದ ಶೆಡ್ಡಿಗೆ ಬಂದಿಳಿದಾಗ ಮೈ ಕೆಂಡವಾಗಿತ್ತು.

"ಎಡ ಪಕ್ಕಿ ಚುಚ್ಚಲಾಕತ್ತೈತಿ. ಉಸಿರು ಪೂರಾ ಎಳಕೊಳ್ಳಾಕ ಆಗವಲ್ದು" ಅಂದ.

"ತಡೀರಿ, ನೋಡೂಣು" ಎಂದು ಹನುಮವ್ವ ಅವನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂಡಿಸಿ ಅಂಗಿ ಎತ್ತಿದಳು.

ಬೆರಳು ಮಡಚಿ ಬೆನ್ನು ತಟ್ಟಿದಳು. ಬಲಗಡೆ ಮೇಲಿಂದ ಕೆಳಗಿನವರೆಗೆ ಪೊಳ್ಳು. ಎಡಗಡೆಯೂ ಮೇಲೆ ಪೊಳ್ಳು. ಹೆಗಲ ಮೂಳೆಯಿಂದ ಕೆಳಗೆ ಬಂದಂತೆ ಒಮ್ಮೆಲೇ ಗಟ್ಟಿ. ಕೈಯಲ್ಲಿ ಹೊಸ ಸೈಟಿನವರು ಕೊಟ್ಟ ಮೇಣದ ಕೆಂಪು ಬಳಪವಿತ್ತು. ಕೈ ತನ್ನ ರೂಢಿಯ ಕೆಲಸ ಮಾಡಿತು. ಎಡಗಡೆ ಪೊಳ್ಳು ಮುಗಿದು ಗಟ್ಟಿ ಶುರುವಾಗುವಲ್ಲಿ ಒಂದು ಅಡ್ಡ ಗೆರೆ. ಬಲಗಡೆಗೆ ಉದ್ದಕ್ಕೂ ಮೂರು ಕಾಟು.

"ಬಲಗಡಿ ಪೂರಾ ಪೊಳ್ಳಾಗೈತಿ. ಇಗತಪುರಿ ಥಂಡಿ ಗಾಳಿ ಹೊಕ್ಕೈತಿ ನಿಮ್ಮ ಎದ್ಯಾಗ."

"ನೋವು ಎಡಕ್ಕಲ್ಲ?"

"ಎಡಕ್ಕ ಗಟ್ಟಿ ಐತ್ರಿ. ಬಸ್ಸಿನ್ಯಾಗ ಒಂದ ಕಡಿ ವಾಲಿ ಕೂತಿದ್ರಿ, ಅದಕ್ಕ ನೋವು."

ಅಮಸಿದ್ದ ಒಪ್ಪಿ ಅಂಗಿ ಇಳಿಸಿಕೊಂಡ. ತನ್ನ ಪಕ್ಕೆಯೊಳಗೆ ಕೂತು ಚುಚ್ಚುತ್ತಿದ್ದ ನೋವಿಗಿಂತ ಅವನಿಗೆ ಹೆಂಡತಿಯ ಕಿವಿಯ ಮೇಲೆಯೇ ಹೆಚ್ಚು ನಂಬಿಕೆ. ಎರಡು ದಿನ ಅವಳು ಬಲಗಡೆಗೆ ನೀಲಗಿರಿ ಎಣ್ಣೆ ತಿಕ್ಕಿದಳು, ಕಾದ ಮರಳಿನ ಗಂಟು ಇಟ್ಟಳು, ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು. ಔಷಧದ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದಳು. ಶುಂಠಿ ಮೆಣಸಿನ ಕಷಾಯಕ್ಕಂತೂ ಕೊರತೆಯಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಮಸಿದ್ದ ಹಟ ಮಾಡಿ ಹಾಲ್‌ಗೆ ಬಂದ. ಹೆಡ್ ಮಿಸ್ತ್ರಿ ಮೊದಲ ವಾರವೇ ಮಲಗಿದರೆ ಹೇಗೆ ಎಂಬ ಚಿಂತೆ ಅವನಿಗೆ. ಸಿಮೆಂಟ್ ಚೀಲಕ್ಕೆ ಒರಗಿ ಕುಳಿತ. ಹನುಮವ್ವ ಅವನ ಪಕ್ಕದ ಸಾಲನ್ನೇ ತಟ್ಟುತ್ತಿದ್ದಳು. ಇಪ್ಪತ್ತೆರಡು ವರ್ಷ ಅವನ ಹತ್ತಿರವೇ ಕೂತು ತಟ್ಟಿದ ಕೈ ಅದು. ಐದು ಪೆಟ್ಟು ಮುಗಿಯುವಷ್ಟರಲ್ಲಿ ಅವನದೊಂದು ಉಸಿರು. ಈ ಲೆಕ್ಕವನ್ನು ಅವಳು ಎಂದೂ ಹಾಕಿದವಳಲ್ಲ. ಅವಳಿಗೇ ಗೊತ್ತಿಲ್ಲದೆ ಕೈಗೆ ಗೊತ್ತಿತ್ತು. ಇವತ್ತು ಕೋಲು ಯಾಕೋ ತಾಳ ತಪ್ಪುತ್ತಿತ್ತು. ಮೂರು ಫರ್ಶಿ ತಟ್ಟಿದ ಮೇಲೆ ಹೊಳೆಯಿತು: ಕೋಲು ತಪ್ಪಿಲ್ಲ, ಉಸಿರು ತಪ್ಪಿದೆ. ಐದು ಪೆಟ್ಟು ಮುಗಿಯುವಷ್ಟರಲ್ಲಿ ಅವನದು ಎರಡು ಉಸಿರು ಮುಗಿದು ಮೂರನೆಯದು ನಡೆದಿತ್ತು.

ಅವಳು ಕೋಲು ಕೆಳಗಿಟ್ಟು ಮುಖ ನೋಡಿದಳು. ತುಟಿ ಬಣ್ಣಗೆಟ್ಟಿತ್ತು.

"ಹ್ಯಾಂಗ ಅನಸತೈತಿ?"

"ಏನೂ..." ಎಂದು ಅವನು ನಿಂತು, ಉಸಿರು ತಂದುಕೊಂಡು, "...ಇಲ್ಲ" ಎಂದು ಮುಗಿಸಿದ.

ಒಂದು ಮಾತನ್ನು ಎರಡು ತುಂಡು ಮಾಡಿ ಆಡಿದ್ದು ಕೇಳಿದ್ದೇ ಹನುಮವ್ವ ಎದ್ದಳು. ಅವಳು ಓಡಿದ ರಭಸಕ್ಕೆ ಯಶವಂತ ಸಾಹೇಬರು ಕಾರಣ ಕೇಳದೆ ಕಾರಿನ ಕೀಲಿ ತೆಗೆದರು.

ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಕೇಳಿದರೆ ಇವಳು ಬಾಯಿ ಬಿಡಳು. ಗಂಡನ ಹೆಸರು ಹೇಳಬಾರದು. "ನಮ್ಮ ದೇವರ ಹೆಸರೇ ಅವರದು" ಎಂದರೆ ಮರಾಠಿ ಕಾರಕೂನನಿಗೆ ಏನು ಗೊತ್ತಾಗಬೇಕು? ಕೊನೆಗೆ ಅಮಸಿದ್ದನ ಕಿಸೆಯಿಂದ ಆಧಾರ್ ಕಾರ್ಡನ್ನೇ ಎಳೆದು ಕಿಟಕಿಯಲ್ಲಿ ತೂರಿದಳು.

ಒಳಗೆ ಅವನ ಬೆರಳಿಗೆ ಚಿಮುಟಿಗೆಯಂಥದೊಂದು ಸಿಕ್ಕಿಸಿದರು. ರಕ್ತದ ಆಕ್ಸಿಜನ್ ಎಂಬತ್ತನಾಲ್ಕು ತೋರಿಸಿತು, ತೊಂಬತ್ತೈದರ ಮೇಲೆ ಇರಬೇಕಂತೆ. ಕೂಡಲೇ ಮೂಗಿಗೆ ಆಕ್ಸಿಜನ್ ಹಚ್ಚಿದರು. ಡಾಕ್ಟರ್ ಮಂಜುಶ್ರೀ ಬಸವಕಲ್ಯಾಣದ ವ್ಯಾಪಾರಸ್ಥರ ಮಗಳು, ಇನ್ನೂ ಮೂವತ್ತು ದಾಟಿರಲಿಲ್ಲ. ಒಂದು ನಿಮಿಷ ಗಡಿಯಾರ ನೋಡುತ್ತ ಉಸಿರು ಎಣಿಸಿದರು. ಮೂವತ್ತಾರು, ಇಪ್ಪತ್ತರೊಳಗೆ ಇರಬೇಕಾದದ್ದು. ಆಮೇಲೆ ಅವನ ಬೆನ್ನಿಗೆ ಎಡಗೈ ಬೆರಳು ಒತ್ತಿ ಹಿಡಿದು, ಬಲಗೈ ಬೆರಳಿನಿಂದ ಅದರ ಮೇಲೆ ತಟ್ಟತೊಡಗಿದರು.

ಹನುಮವ್ವನಿಗೆ ಅಂಥ ಗಾಬರಿಯಲ್ಲೂ ಮೈ ಜುಮ್ಮೆಂದಿತು. ಇದು ತನ್ನ ಕೆಲಸ. ಓದಿದ ಡಾಕ್ಟರ್ ತನ್ನ ಕೆಲಸ ಮಾಡುತ್ತಿದ್ದಾರೆ, ಅದೂ ಗಡಿಬಿಡಿ ಇಲ್ಲದೆ, ಮೇಲಿಂದ ಕೆಳಗೆ, ಒಂದು ಬದಿ ತಟ್ಟಿ ಇನ್ನೊಂದು ಬದಿಗೆ ಹೋಲಿಸಿಕೊಳ್ಳುತ್ತ.

ಡಾಕ್ಟರ ಬೆರಳು ಕೆಂಪು ಗೆರೆಯ ಹತ್ತಿರ ಬಂದು ನಿಂತಿತು. ಗೆರೆಯ ಮೇಲೆ ತಟ್ಟಿದರು, ಕೆಳಗೆ ತಟ್ಟಿದರು. ಮತ್ತೆ ಮೇಲೆ.

"ಈ ಗೆರಿ ಯಾರು ಎಳೆದಾರ?"

"ನಾನ್ರಿ. ಆದ್ರ ಡಾಕ್ಟರ್ ಬಾಯಾರ, ನೀವು ತಪ್ಪು ಬದಿ ನೋಡ್ಲಾಕತ್ತೀರಿ. ಅದು ಗಟ್ಟಿ ಐತಿ. ಪೊಳ್ಳು ಇರೋದು ಈ ಕಡಿ, ಕಾಟು ಹಾಕೀನಿ ನೋಡ್ರಿ."

ಎಂಬಿಬಿಎಸ್ಸು, ಅದರ ಮೇಲೆ ಇನ್ನೊಂದು ಡಿಗ್ರಿ ಮಾಡಿದವರಿಗೆ ತಪ್ಪು ಬದಿ ಎಂದು ಹೇಳಲು ಹನುಮವ್ವನಿಗಲ್ಲದೆ ಇನ್ನಾರಿಗೆ ಧೈರ್ಯ ಬರಬೇಕು? ಡಾಕ್ಟರ್ ಸಿಟ್ಟಾಗಲಿಲ್ಲ. ನರ್ಸಿಗೆ ಇಂಜೆಕ್ಷನ್ನು, ಎಕ್ಸ್‌ರೇ ಎಂದು ಹೇಳಿ ಕಳಿಸಿ, ಪೊಳ್ಳು, ಕಾಟು ಎಂಬ ಮಾತಿನ ಜಾಡು ಹಿಡಿದು ಇವಳ ಕಡೆ ತಿರುಗಿದರು.

"ಅವ್ವಾ, ನೀವು ಫರ್ಶಿ ತಟ್ಟೋರಾ?"

"ಹೌದ್ರಿ."

"ಫರ್ಶಿ ಕೆಳಗ ಗಾಳಿ ಇರಬಾರದು. ಎದಿಯೊಳಗ ಗಾಳಿನೇ ಇರಬೇಕು. ಶ್ವಾಸಕೋಶದಾಗ ಕೋಟಿಗಟ್ಟಲೆ ಸಣ್ಣ ಸಣ್ಣ ಗಾಳಿ ಚೀಲ ಇರ್ತಾವ. ಉಸಿರು ಎಳಕೊಂಡ್ರ ಅವು ತುಂಬ್ತಾವ, ಅಲ್ಲಿಂದ ಆಕ್ಸಿಜನ್ ರಕ್ತಕ್ಕ ಹೋಗ್ತದ. ಅದಕ್ಕೇ ಆರೋಗ್ಯ ಇದ್ದ ಎದಿ ತಟ್ಟಿದ್ರ ಪೊಳ್ಳು ದನಿ ಬರ್ತದ. ಈಗ ಇವರ ಎಡಗಡಿ ಕೆಳಗ ಕ್ರಿಮಿ ಹೊಕ್ಕು, ಆ ಚೀಲದಾಗ ಕೀವು, ನೀರು ತುಂಬ್ಯಾವ. ಗಾಳಿಗಿ ಜಾಗ ಇಲ್ಲ. ಇದಕ್ಕ ನಿಮೋನಿಯಾ ಅಂತಾರ."

ಹನುಮವ್ವ ಗಂಡನ ಬೆನ್ನಿನ ಗೆರೆಯ ಕೆಳಗೆ ಅಂಗೈ ಇಟ್ಟು ನೋಡಿದಳು.

"ಅಂದ್ರ, ತುಂಬಬಾರದ ಜಾಗದಾಗ ಮಾಲು ತುಂಬಿದಂಗ?"

"ಹಾಂ, ಹಂಗೇ."

"ಮಳಿಯಾಗ ನೆನದಿದ್ದಕ್ಕ ಅಲ್ಲೇನ್ರಿ?"

"ಮಳಿ ಒಂದರಿಂದ ಬರಲ್ಲ. ಒಂದು ಸಣ್ಣ ಖೋಲಿಯಾಗ ಹತ್ತು ಮಂದಿ ಕೆಮ್ಮಿದ್ರ ಕ್ರಿಮಿ ಒಬ್ಬರಿಂದ ಒಬ್ಬರಿಗಿ ಹೋಗ್ತದ. ಇವರಂಗ ಬೀಡಿ ಸೇದೋರಿಗಿ, ಸಿಮೆಂಟಿನ ಧೂಳು ಕುಡಿಯೋರಿಗಿ ಲಗೂನ ಹತ್ತತದ."

ತಾನು ಎರಡು ದಿನ ತಿಕ್ಕಿದ್ದು, ಕಟ್ಟಿದ್ದು, ಕಾವು ಕೊಟ್ಟದ್ದು ಗಂಡನ ಗಟ್ಟಿಮುಟ್ಟಾದ ಬದಿಗೆ. ಅವನನ್ನು ಉಳಿಸುತ್ತಿದ್ದ ಒಂದೇ ಬದಿಗೆ. ಅದನ್ನೂ ಸೀರೆ ಬಿಗಿದು ಉಸಿರಾಡದ ಹಾಗೆ ಮಾಡಿದ್ದಳು. ಅವನು ನೋವು ಎಡಕ್ಕೆ ಎಂದು ಬಾಯಿಬಿಟ್ಟು ಹೇಳಿದ್ದ. ನಾಚಿಕೆಯಿಂದ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೋಲನ್ನು ಮುರಿದು ಹಾಕಬೇಕು ಅನ್ನುವಷ್ಟು ತನ್ನ ಕಿವಿಯ ಮೇಲೆ ಸಿಟ್ಟು ಬಂತು.

ಎಕ್ಸ್‌ರೇ ಬಂತು. ಡಾಕ್ಟರ್ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಬಲಗಡೆ ಕಪ್ಪು, ಅಂದರೆ ಗಾಳಿ. ಎಡಗಡೆ ಕೆಳಗೆ ಸುಣ್ಣ ಬಳಿದಂತೆ ಬೆಳ್ಳಗೆ. ಡಾಕ್ಟರ್ ಅಮಸಿದ್ದನ ಬೆನ್ನಿಗೆ ಬೆರಳಿಟ್ಟು ಹೆಗಲ ಮೂಳೆಯಿಂದ ಗೆರೆಯವರೆಗೆ ಅಳೆದರು, ಬಂದು ಫಿಲ್ಮ್ ನೋಡಿದರು, ಮತ್ತೆ ಹೋಗಿ ಅಳೆದರು. ಅವರ ಮುಖದಲ್ಲಿ ಪರೀಕ್ಷೆಯ ಫಲಿತಾಂಶ ನೋಡಿದ ಹುಡುಗಿಯ ಕಳೆ ಬಂದಿತ್ತು.

"ಬೆರಳಿನಷ್ಟೂ ಫರಕ್ ಇಲ್ಲ. ಅವ್ವಾ, ನಿಮ್ಮ ಗೆರಿ ಸರಿ ಅದ. ತೀರ್ಪು ಅಷ್ಟೇ ಉಲ್ಟಾ."

ಹನುಮವ್ವನ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಳ್ಳದೆಯೇ ಅವಳು ಫಿಲ್ಮಿನ ಹತ್ತಿರ ಹೋಗಿ ನಿಂತಳು. ಕಿವಿಯಲ್ಲಿ ಕೇಳಿದ್ದು ಕಣ್ಣಿಗೆ ಕಾಣುವುದು ಅವಳ ಬಾಳಿನಲ್ಲಿ ಇದೇ ಮೊದಲು. ಫರ್ಶಿಯನ್ನಾದರೆ ಕಿತ್ತೇ ನೋಡಬೇಕು.

"ಈ ತಟ್ಟೋ ವಿದ್ಯಾ ನಮ್ಮ ಡಾಕ್ಟರ್ ಮಂದಿಗಿ ಎಲ್ಲಿಂದ ಬಂತು ಗೊತ್ತದೇನು? ಹಿಂದಕ ಯಾರೋ ಪೀಪಾಯಿ ತಟ್ಟಿ ಎಷ್ಟು ತುಂಬ್ಯಾದ ಅಂತ ನೋಡೋದನ್ನ ಕಂಡು ಶುರು ಮಾಡಿದ್ದಂತ. ನಮ್ಮ ಸರ್ ಹೇಳ್ತಿದ್ರು."

"ದಿಂಡೋರ್ಯಾಗ ನಾನೂ ತಟ್ಟೀನ್ರಿ" ಅಂದಳು ಹನುಮವ್ವ. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. "ಉಳೀತಾರೇನ್ರಿ ಬಾಯಾರ?"

ಡಾಕ್ಟರ್ ಸುಳ್ಳು ಹೇಳಲಿಲ್ಲ. ತಡವಾಗಿದೆ; ಔಷಧಕ್ಕೆ ಕ್ರಿಮಿ ಬಗ್ಗಿದರೆ ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ; ಬಗ್ಗದಿದ್ದರೆ ಉಸಿರಿನ ಮಷಿನ್ ಮೇಲೆ ಇಡಬೇಕಾದೀತು ಎಂದರು.

ಆ ಎರಡು ದಿನ ಹನುಮವ್ವನಿಗೆ ಎರಡು ವರ್ಷ. ಮಾಡಲು ಬೇರೆ ಕೆಲಸವಿಲ್ಲದೆ ಮಂಚದ ಕಬ್ಬಿಣದ ಕಂಬಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಕುಳಿತಳು. ಐದು ಪೆಟ್ಟು. ಎರಡೂವರೆ ಉಸಿರು. ಮರುದಿನವೂ ಎರಡೂವರೆ. ಮಗಳು ನಾಶಿಕ್‌ನಿಂದ ಗಳಿಗೆಗೊಮ್ಮೆ ಫೋನು ಮಾಡಿ, "ಆಯಿ, ಆತಾ ಕಿತಿ? ಈಗ ಅಪ್ಪಾಂದು ಉಸಿರು ಎಷ್ಟು ಅದ ಹೇಳ, ಸಾಂಗ್ ನಾ" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಗೋಗರೆಯುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ಹಣೆ ಮುಟ್ಟಿದರೆ ಬೆವರು, ತಣ್ಣಗೆ. ಹನುಮವ್ವ ಕಂಬಿ ತಟ್ಟಿದಳು. ಐದು ಪೆಟ್ಟಿಗೆ ಒಂದೂವರೆ. ನಂಬದೆ ಮತ್ತೆ ತಟ್ಟಿದಳು. ಒಂದೂವರೆ. ಅಷ್ಟರಲ್ಲಿ ಅಮಸಿದ್ದ ಕಣ್ಣು ಬಿಟ್ಟು, "ಆ ಕಂಬಿ ಪೊಳ್ಳು ಐತಿ ಬಿಡು, ಎಷ್ಟು ತಟ್ಟತಿ" ಎಂದು ಒಂದೇ ಉಸಿರಿನಲ್ಲಿ ಅಂದ. ಅವಳು ನಕ್ಕಳೋ ಅತ್ತಳೋ ಪಕ್ಕದ ಮಂಚದವರಿಗೂ ತಿಳಿಯಲಿಲ್ಲ.

ಡಾಕ್ಟರು ಅವಳಿಗೆ ಬೆರಳ ಮೇಲೆ ಬೆರಳಿಟ್ಟು ತಟ್ಟುವ ತಮ್ಮ ಪದ್ಧತಿ ಕಲಿಸಿದರು. ಆರನೆಯ ದಿನ ಗೆರೆ ಒಂದು ಬೆರಳು ಕೆಳಗೆ ಇಳಿದಿತ್ತು. ಹನುಮವ್ವ ಕೆಂಪು ಬಳಪದಿಂದ ಹೊಸ ಗೆರೆ ಎಳೆದು, ಸೆರಗು ಸಿಕ್ಕಿಸಿಕೊಂಡು, ವಾರ್ಡಿನ ಉದ್ದಕ್ಕೂ ಓಡಿ ಹೋಗಿ ಡಾಕ್ಟರನ್ನು ಕೈಹಿಡಿದು ಕರೆತಂದಳು. ಅವರು ತಟ್ಟಿ ನೋಡಿ ಹೌದು ಅಂದರು. ಮರುದಿನ ನಾಲ್ಕು ಜನ ವಿದ್ಯಾರ್ಥಿಗಳನ್ನೂ ಕರೆತಂದರು. ಅಮಸಿದ್ದನ ಬೆನ್ನಿಗೆ ಅಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಒಂಬತ್ತನೆಯ ದಿನ ಬಿಡುವಾಗ ಡಾಕ್ಟರ್ ಹೇಳಿದರು: ಜ್ವರ ಹೋಯಿತೆಂದು ಮಾತ್ರೆ ನಡುವೆ ಬಿಡಬಾರದು, ಬೀಡಿ ಮತ್ತೆ ಮುಟ್ಟಬಾರದು, ಒಳಗೆ ತುಂಬಿದ್ದು ಪೂರ್ತಿ ಹೋಗಲು ನಾಲ್ಕಾರು ವಾರ ಬೇಕು. ಅಮಸಿದ್ದ ಹಾಲ್‌ನಲ್ಲಿ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯ ಮೇಲೆ ಕುಳಿತು ಮಿಸ್ತ್ರಿಕೆ ಮಾಡಿದ. ಯಶವಂತ ಸಾಹೇಬರು ಬೇರೆಯವರನ್ನು ಕರೆಸಿರಲಿಲ್ಲ. ಬಾಗಿಲಿನಿಂದ ವೇದಿಕೆಯ ಕಡೆಗೆ ಫರ್ಶಿ ಮುಂದುವರಿದಂತೆ ಅವನ ಬೆನ್ನ ಮೇಲೆ ಗೆರೆ ಕೆಳಗೆ ಇಳಿಯುತ್ತಿತ್ತು. ಮಗಳು ಸಂಜೆ ಫೋನಿನಲ್ಲಿ ಕೇಳುವುದು ಅದೊಂದೇ, "ಆಯಿ, ಲೈನ್ ಕುಠೇ ಆಲಿ? ಗೆರಿ ಎಲ್ಲಿಗಿ ಬಂತು?"

ಸೈಟಿನಲ್ಲಿ ಯಾರಾದರೂ ಕೆಮ್ಮಿದರೆ ಹನುಮವ್ವ ಈಗ ಮೊದಲು ಉಸಿರು ಎಣಿಸುತ್ತಾಳೆ. ವೇಗ ಕಂಡರೆ ಕಷಾಯದ ಮಾತೇ ಇಲ್ಲ, ನೇರ ಆಸ್ಪತ್ರೆ. "ತಟ್ಟು" ಎಂದು ಬೆನ್ನು ಕೊಟ್ಟವರಿಗೆ ತಟ್ಟುತ್ತಾಳೆ, ಗೆರೆಯನ್ನೂ ಎಳೆಯುತ್ತಾಳೆ. "ಗೆರಿ ನಂದು, ತೀರ್ಪು ಬಾಯಾರದು" ಎಂದು ಕಳಿಸುತ್ತಾಳೆ.

ಆರನೆಯ ವಾರ ಮತ್ತೆ ತೋರಿಸಲು ಹೋದರು. ಹೊಸ ಎಕ್ಸ್‌ರೇ ಆಯಿತು. ಡಾಕ್ಟರ್ ಮಂಜುಶ್ರೀ ಫಿಲ್ಮನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಬಂದರು.

"ನಾ ತೋರಸಲ್ಲ. ಮೊದಲು ನೀವು ಹೇಳ್ರಿ ಅವ್ವಾ."

ಅಮಸಿದ್ದ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕುಳಿತ. ಹನುಮವ್ವ ಬಳೆ ಹಿಂದಕ್ಕೆ ಸರಿಸಿ ಹತ್ತಿರ ಬಂದಳು. ಬಲಗಡೆ ತಟ್ಟಿ ಆ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡಳು. ಎಡಗಡೆಗೆ ಬಂದಳು. ಹೆಗಲ ಮೂಳೆ, ಅದರ ಕೆಳಗೆ, ಮೊದಲ ಗೆರೆ ಇದ್ದ ಜಾಗ, ಅದರ ಕೆಳಗೆ, ಇನ್ನೂ ಕೆಳಗೆ. ಮತ್ತೆ ಮೇಲಿಂದ ಶುರು ಮಾಡಿದಳು. ಮೂರು ಸಲ ತಟ್ಟಿದಳು. ಬಳಪ ಹಿಡಿದು ಗೆರೆ ಎಳೆಯಲು ಜಾಗ ಹುಡುಕಿದಳು, ಸಿಗಲಿಲ್ಲ.

"ಪೊಳ್ಳು" ಅಂದಳು. "ಪೂರಾ ಪೊಳ್ಳು ಐತ್ರಿ."

ಇಪ್ಪತ್ತೆರಡು ವರ್ಷದ ರೂಢಿ ಎಲ್ಲಿಗೆ ಹೋದೀತು? ಆ ಮಾತು ಕಿವಿಗೆ ಬಿದ್ದದ್ದೇ ಅಮಸಿದ್ದನ ಮುಖ ಬಾಡಿತು. ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದರು. ಎರಡೂ ಬದಿ ಕಪ್ಪು. ಆಗ ಅವನಿಗೆ ತಿಳಿಯಿತು, ನಗು ಬಂತು. ಅಂಗಿ ಕೈಯಲ್ಲೇ ಹಿಡಿದುಕೊಂಡು ಹೊಟ್ಟೆ ಹಿಡಿಯುವಷ್ಟು ನಕ್ಕ. ನಡುವೆ ಒಂದು ಸಲವೂ ಕೆಮ್ಮಲಿಲ್ಲ.